ರಾಜಾನ ಅಂಜಿಕೆ

೧೯೭೪ರಲ್ಲಿ ಮುಂಬಯಿಯ ಆಂಟಾಪ್ ಹಿಲ್‌ನ ಚಾಳಿನಲ್ಲಿ ಸುಂದ್ರವ್ವ ಸಾಕಿದ್ದ ನಾಯಿ ರಾಜಾ ಉಗುರು ಬೆಳೆದು ಕುಂಟತೊಡಗಿತ್ತು. ಆದರೆ ನೇಲ್ ಕಟರ್ ಕಂಡರೆ ಸಾಕು, ಮಂಚದಡಿ ಸೇರಿ ಗುರುಗುಟ್ಟುತ್ತಿತ್ತು. ಸುಂದ್ರವ್ವ ಒಮ್ಮೆಯೂ ಅದರ ಉಗುರು ತೆಗೆದವಳಲ್ಲ. ಯಾರೋ ನೋಯಿಸಿದ್ದಾರೆ ಎಂದು ಅವಳಿಗೆ ಅನುಮಾನ ಬಂತು. ತಾನು ಊರಿಗೆ ಹೋದಾಗ, ಗಂಡ ಕೆಲಸಕ್ಕೆ ಹೋದ ಹೊತ್ತಿನಲ್ಲಿ ನಾಯಿಗೆ ಅನ್ನ ಹಾಕಿದವಳು ಪಕ್ಕದ ಖೋಲಿಯ ರಶೀದಾ; ಅವಳ ಮೇಲೆಯೇ ಕಣ್ಣಿಟ್ಟಳು.

ನಾಯಿಯ ಅಂಜಿಕೆ ಬಿಡಿಸಲು ಸುಂದ್ರವ್ವ ದಿನವೂ ಕಟ್ಟಡದ ಕೆಲಸ ಮುಗಿಸಿ ಬಂದು, ರಾಜಾನ ಕಾಲು ಮುಟ್ಟಿ ಒಂದು ಚೂರು ರೊಟ್ಟಿ ಕೊಡುತ್ತಿದ್ದಳು. ವಾರದ ಮೇಲೆ ಕಟರನ್ನು ಪಕ್ಕದಲ್ಲಿಟ್ಟು ರೊಟ್ಟಿ ಕೊಟ್ಟಳು. ಒಂದು ಸಂಜೆ ರಶೀದಾ ಆ ಕಟರನ್ನು ಕೈಗೆತ್ತಿಕೊಂಡಳು, ನಾಯಿ ಕದಲಲಿಲ್ಲ. ಅದನ್ನೇ ಗಂಡ ಅಣವೀರಪ್ಪ ಇಸಿದುಕೊಂಡದ್ದೇ ತಡ, ಮಂಚದಡಿ ನುಸುಳಿತು.

ರಶೀದಾ ಹೋದ ಮೇಲೆ ಸುಂದ್ರವ್ವ ಗಂಡನನ್ನು ಕೇಳಿದಳು. "ಖರೇ ಹೇಳ್ರಿ, ಏನ್ ಮಾಡೀರಿ ಅದಕ್ಕ?"

"ನೀ ಊರಿಗೆ ಹೋದಾಗ ಉಗುರು ತಗ್ಯಾಕ ಹೋಗಿದ್ದೆ. ರಕ್ತ ಬಂತು. ನಿನಗ ಹೇಳಾಕ ಅಂಜಿಕಿ ಆತು."

ಮರುದಿನದಿಂದ ರೊಟ್ಟಿ ಕೊಡುವ ಕೆಲಸ ಅವನದಾಯಿತು. ಇಪ್ಪತ್ತನೆಯ ದಿನ ರಾಜಾ ಅವನ ಕೈಯಿಂದ ತಿನ್ನುತ್ತಿರುವಾಗ ಸುಂದ್ರವ್ವ ಒಂದು ಉಗುರಿನ ತುದಿ ಕತ್ತರಿಸಿದಳು. ನಾಯಿ ಓಡಲಿಲ್ಲ. ತಾನು ಅನುಮಾನಪಟ್ಟದ್ದನ್ನು ಮಾತ್ರ ಅವಳು ರಶೀದಾಗೆ ಎಂದೂ ಹೇಳಲಿಲ್ಲ.