ಲಾಳಿಯ ವೇಗ ಸೊನ್ನೆ

ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಿಗೆ ವಿಜ್ಞಾನ ಬರುತ್ತಿರಲಿಲ್ಲ. ಇದು ನನಗೆ ಹದಿನೈದನೆಯ ವಯಸ್ಸಿಗೇ ಗೊತ್ತಾಗಿತ್ತು, ಅವರಿಗೆ ನಿವೃತ್ತರಾದ ಮೇಲೂ ಗೊತ್ತಾಗಲಿಲ್ಲ. ಅರವತ್ತರ ದಶಕದ ಕೊನೆಯ ಮಾತು. ಬೆಂಗಳೂರಿನಿಂದ ಬೆಳಗಿನ ರೈಲಿಗೆ ದೊಡ್ಡಬಳ್ಳಾಪುರಕ್ಕೆ ಬಂದಿಳಿದು, ಕುರ್ಚಿಯಲ್ಲಿ ಕೂತು, ಹಳದಿಗಟ್ಟಿದ ನೋಟ್ಸು ತೆಗೆದು ಬರೆಸುತ್ತಿದ್ದರು. ಜವ, ವೇಗ, ವೇಗೋತ್ಕರ್ಷ ಮೂರನ್ನೂ ಒಂದೇ ಪೀರಿಯಡ್ಡಿನಲ್ಲಿ ಮುಗಿಸಿದರು. ಜವಕ್ಕೂ ವೇಗಕ್ಕೂ ಏನು ವ್ಯತ್ಯಾಸ ಅಂತ ಕೇಳಿದ್ದಕ್ಕೆ, "ಎರಡೂ ಒಂದೇ ಕಣಯ್ಯ, ಸುಮ್ನೆ ಬರ್ಕೊ" ಅಂದರು.

ವ್ಯತ್ಯಾಸ ನನಗೆ ತಿಳಿದದ್ದು ಮನೆಯ ಮಗ್ಗದಲ್ಲಿ. ನೂಲು ಹೊತ್ತ ಲಾಳಿ ಎಡದಿಂದ ಬಲಕ್ಕೆ ಹಾರುತ್ತಿತ್ತು, ಮತ್ತೆ ಬಲದಿಂದ ಎಡಕ್ಕೆ. ಜವಕ್ಕೆ ದಿಕ್ಕಿನ ಹಂಗಿಲ್ಲ, ವೇಗಕ್ಕೆ ಇದೆ. ಹಾಗಾಗಿ ಎಷ್ಟೇ ಜೋರಾಗಿ ಓಡಿದರೂ ಹೊರಟಲ್ಲಿಗೇ ಬಂದು ನಿಂತರೆ ಸರಾಸರಿ ವೇಗ ಸೊನ್ನೆ. ವೇಗೋತ್ಕರ್ಷವನ್ನಂತೂ ಹೆಬ್ಬೆಟ್ಟು ಒತ್ತುತ್ತಿದ್ದ ಅಪ್ಪನೇ ಕಲಿಸಿದ. "ಓಡೋವಾಗ ನೂಲು ಕಡಿಯಲ್ಲ ಕಣ್ಲಾ, ಹೊರಡೋವಾಗ್ಲೋ ನಿಲ್ಲೋವಾಗ್ಲೋ ಕಡೀತದೆ" ಅನ್ನುತ್ತಿದ್ದ. ವೇಗ ಬದಲಾಗುವ ಗಳಿಗೆಯೇ ನೂಲಿಗೆ ಕಂಟಕ. ಆದರೆ ಹಿತ್ತಲ ಗಿಡ ಮದ್ದಲ್ಲ. ಶಾಲೆಯಲ್ಲಿ ನಾನು ಅಪ್ಪನದು ಜವಳಿ ವ್ಯಾಪಾರ ಎಂದು ಹೇಳಿಕೊಂಡಿದ್ದೆ.

ಪಬ್ಲಿಕ್ ಪರೀಕ್ಷೆಗೆ ಮುಂಚೆ ಶಾಲೆಯದೇ ಒಂದು ಪರೀಕ್ಷೆ ಇರುತ್ತಿತ್ತು. ಅದರಲ್ಲಿ ಫೇಲಾದವರನ್ನು ಮುಂದಕ್ಕೆ ಕಳಿಸುತ್ತಿರಲಿಲ್ಲ. ಮೈದಾನ ಸುತ್ತಿ ಹೊರಟಲ್ಲಿಗೇ ಬಂದವನ ಸರಾಸರಿ ವೇಗ ಎಷ್ಟು ಎಂಬ ಪ್ರಶ್ನೆಗೆ ಸೊನ್ನೆ ಎಂದು ಬರೆದು, ಲಾಳಿಯ ಉದಾಹರಣೆಯನ್ನೂ ಕೊಟ್ಟೆ. ಮೇಷ್ಟ್ರು ನನಗೂ ಸೊನ್ನೆ ಕೊಟ್ಟರು. ಪಾಸಾಗಲು ಎರಡು ಅಂಕ ಕಡಿಮೆ ಬಿತ್ತು. ತಂದೆಯನ್ನು ಕರೆದುಕೊಂಡು ಬಾ ಎಂದರು.

ಅಪ್ಪ ಮಗ್ಗದಿಂದೆದ್ದು ಹಾಗೇ ಬಂದ, ತಲೆಗೂದಲಲ್ಲಿ ನೂಲಿನ ಎಳೆಗಳಿದ್ದವು. ಮೇಷ್ಟ್ರು ಇಡೀ ಕ್ಲಾಸಿನ ಮುಂದೆ ನನ್ನ ಉತ್ತರ ಓದಿದರು. "ನೋಡಯ್ಯ, ಲಾಳಿ ದಿನವೆಲ್ಲ ಓಡಿದ್ರೂ ಸೊನ್ನೆಯಂತೆ. ಹಂಗಾದ್ರೆ ಇಷ್ಟು ವರ್ಷ ನೀನು ಮಾಡಿದ್ದೂ ಸೊನ್ನೇನಾ?" ಹುಡುಗರು ನಕ್ಕರು. ನಾನು ನೆಲ ನೋಡುತ್ತಾ ನಿಂತೆ.

ಅಪ್ಪ ಕೈಮುಗಿದುಕೊಂಡೇ ಹೇಳಿದ. "ಹುಡುಗ ಸರಿಯಾಗೇ ಬರ್ದವ್ನೆ ಸಾರ್. ಲಾಳಿ ಹೋಗಿ ಬಂದು ಇದ್ದಲ್ಲೇ ಇರ್ತದೆ. ಮುಂದಕ್ಕೆ ಹೋಗೋದು ಸೀರೆ."

ಅದು ಅರ್ಥವಾಗಲು ತಲೆ ಬೇಕಿತ್ತು. ಅವರು ಅಂಕ ತಿದ್ದಲಿಲ್ಲ. ಆ ವರ್ಷವೆಲ್ಲ ಮಗ್ಗದಲ್ಲಿ ಕೂತು, ಮರುವರ್ಷ ಪರೀಕ್ಷೆ ಬರೆದೆ. ಆ ಮನುಷ್ಯನ ಮೇಲಿನ ತಿರಸ್ಕಾರ ಇವತ್ತಿಗೂ ಆರಿಲ್ಲ, ಆರಲಿ ಎಂದು ನಾನು ಬಯಸಿದವನೂ ಅಲ್ಲ.

ಆದರೆ ಅದರಲ್ಲಿ ದೊಡ್ಡ ಪಾಲು ನನಗೇ ಸೇರಬೇಕು. ಅವತ್ತು ಮನೆಗೆ ಹೋಗುವಾಗ, ಯಾರಾದರೂ ನೋಡಿಯಾರು ಎಂದು ಅಪ್ಪನಿಂದ ಹತ್ತು ಹೆಜ್ಜೆ ಹಿಂದೆಯೇ ನಡೆದೆ. ಜೊತೆಗೆ ಬರಲಿ ಎಂದು ಅವನು ನಿಧಾನ ಮಾಡಿದಾಗಲೆಲ್ಲ ನಾನೂ ನಿಧಾನ ಮಾಡಿದೆ.