ಹರಿಹರದ ಕೊಳವೆಯೊಳಗಿನ ಗಾಳಿ

ಹರಿಹರಕ್ಕೆ ನಾನು ಮೊದಲ ಸಲ ಹೋದ ದಿನವೇ ಪಂಪ್‌ಹೌಸಿನ ಖಾದರ್ ಸಾಹೇಬರು ನನ್ನನ್ನು ಹಳ್ಳದ ಪಕ್ಕ ಮಂಡಿಯೂರಿಸಿ, ಹಳ್ಳ ದಾಟುವ ದೊಡ್ಡ ಕಬ್ಬಿಣದ ಕೊಳವೆಗೆ ಕಿವಿ ಹಚ್ಚಲು ಹೇಳಿದರು.

"ಕೇಳ್ರಿ ಮೇಡಂ. ಒಳಗ ಗಾಳಿ ಐತೆ."

ಗುಳುಗುಳು ಸದ್ದು, ಆಮೇಲೆ ಒಂದು ಬಡಿತ. ಬೆಚ್ಚಿ ಹಿಂದೆ ಸರಿದೆ. ಮರುದಿನ ಬೆಳಿಗ್ಗೆ ನಡೆಯಬೇಕಿದ್ದ ಹೊಸ ಪಂಪಿನ ಪರೀಕ್ಷೆ ನನ್ನ ಲೆಕ್ಕವನ್ನು ನಂಬಿ ನಿಂತಿತ್ತು. ಆ ಲೆಕ್ಕದಲ್ಲಿ ಗಾಳಿಯೇ ಇರಲಿಲ್ಲ.

ಉಡುಪಿಯಿಂದ ದಾವಣಗೆರೆಯ ಕಾಲೇಜೊಂದಕ್ಕೆ ಗಣಿತ ಕಲಿಸಲು ಬಂದು ಆಗ ಎರಡು ತಿಂಗಳಾಗಿತ್ತಷ್ಟೆ. ದೇವರಾಜ ಅರಸು ಬಡಾವಣೆಯ ಗೌರಮ್ಮನವರ ಮನೆಯ ಹಿಂದಿನ ಕೋಣೆ ನನ್ನದು. ಅದು ಲಿಂಗಪೂಜೆಯ ಮನೆ, ಮೀನಿನ ಮಾತೆತ್ತುವಂತಿಲ್ಲ. ನಮ್ಮ ಚರುಮುರಿಗೆ ಇಲ್ಲಿ ಮಂಡಕ್ಕಿ ಎಂಬ ಹೆಸರು. ಅದಕ್ಕೆ ಒಗ್ಗರಣೆ ಹಾಕಿ ಹೊಟ್ಟೆ ತುಂಬ ತಿನ್ನುತ್ತಾರೆ. ನಾನು ಬಾಯಿ ತೆರೆದರೆ ಗೌರಮ್ಮನವರಿಗೆ ನಗು. "ಪುಸ್ತಕ ಓದಿದಂಗ ಮಾತಾಡ್ತೀಯಲ್ಲವ್ವಾ!" ಊರಿನಲ್ಲಿ ಹಿತ್ತಲ ಬಾವಿಗೆ ಕೊಡಪಾನ ಇಳಿಸಿದರೆ ನೀರು. ಇಲ್ಲಿ ನಲ್ಲಿಗೆ ನೀರು ಬಿಡುವ ಹೊತ್ತಿಗೆ ಬೀದಿಗೆ ಬೀದಿಯೇ ಕೊಡ ಹಿಡಿದು ನಿಲ್ಲುತ್ತದೆ. ಆ ನೀರು ಹರಿಹರದ ಹೊಳೆಯಿಂದ ಬರಬೇಕು.

ಹೊಳೆದಂಡೆಯಲ್ಲಿ ದೊಡ್ಡ ಪಂಪೊಂದನ್ನು ಹೊಸದಾಗಿ ಕೂರಿಸಿದ್ದರು. ಕರೆಂಟು ಹೋದರೆ ಕೊಳವೆಯ ನೀರು ಹಿಂದಕ್ಕೆ ಓಡಿಬರುತ್ತದೆ. ವಾಲ್ವನ್ನು ಒಮ್ಮೆಲೇ ಮುಚ್ಚಿದರೆ ಅದು ಸುತ್ತಿಗೆಯಂತೆ ಬಡಿದು ಕೊಳವೆಯನ್ನೇ ಒಡೆಯಬಹುದು. ನೀರು ಸರಬರಾಜಿನ ಇಂಜಿನಿಯರರು ಕಾಲೇಜಿಗೆ ಬಂದು ಕೇಳಿದ್ದರಿಂದ, ಎಷ್ಟು ನಿಧಾನವಾಗಿ ಮುಚ್ಚಬೇಕೆಂದು ಹೇಳುವ ಕೆಲಸ ನನಗೆ ಬಂದಿತ್ತು. ನಕ್ಷೆ ನೋಡಿ ನೀರಿನ ಓಟವನ್ನು ಸಮೀಕರಣಗಳಲ್ಲಿ ಬರೆದೆ. ಕಂಪ್ಯೂಟರ್ ಇದ್ದದ್ದು ಬೆಂಗಳೂರಿನಲ್ಲಿ. ರೈಲಿನಲ್ಲಿ ಹೋಗಿ, ಕಂಪ್ಯೂಟರ್ ಓದುವಂತೆ ಲೆಕ್ಕವನ್ನು ಕಾರ್ಡುಗಳಲ್ಲಿ ತೂತು ಹೊಡೆಸಿ, ಮೂರು ದಿನ ಸರದಿ ಕಾದು ಉತ್ತರ ತಂದೆ: ಒಂದೂವರೆ ನಿಮಿಷ ಸಾಕು. ಕೊಳವೆಯನ್ನು ಮಾತ್ರ ನಾನು ನೋಡಿರಲಿಲ್ಲ.

"ನಕ್ಷೆಯಲ್ಲಿ ಇಲ್ಲಿ ಏರು ಇಲ್ಲವಲ್ಲ?" ಎಂದೆ, ಹಳ್ಳದ ಬಳಿ ಕೊಳವೆ ಮೇಲೆದ್ದದ್ದನ್ನು ನೋಡಿ.

ಖಾದರ್ ಸಾಹೇಬರು ವಾಲ್ವ್ ತಿರುಗಿಸುತ್ತಲೇ ತಲೆ ನರೆತವರು. "ಪೈಪ್ ಹಾಕೋವಾಗ ಬಂಡೆ ಅಡ್ಡ ಬಂತ್ರಿ. ಮ್ಯಾಲೆ ಎತ್ತಿ ದಾಟಿಸಿದ್ರು, ಆ ಏರಿನಾಗ ಗಾಳಿ ಸಿಕ್ಕೊಂಡೈತೆ. ಕಾಗದ ತಿದ್ದಾಕ ಯಾರು ಹೋಗ್ತಾರ?" ಕೊಳವೆಯ ಕೆಳಗೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವರತ್ತ ಕೈ ತೋರಿಸಿದರು. "ಒಡದ್ರ ಇವ್ರ ಮ್ಯಾಲೇ."

ಮರುದಿನ ಪಂಪ್‌ಹೌಸಿನಲ್ಲಿ ಎಲ್ಲರೂ ಸೇರಿದ್ದರು. ಇಂಜಿನಿಯರರು "ಶುರು ಮಾಡ್ರಿ" ಎಂದರು. ನಾನು ಮುಂದೆ ಬಂದೆ.

"ಬೇಡ ಸರ್. ನನ್ನ ಲೆಕ್ಕ ತಪ್ಪಿದೆ."

"ಯಾರು ಹೇಳಿದ್ರು?"

"ಖಾದರ್ ಸಾಹೇಬರು."

ಯಾರೋ ಕಿಸಕ್ಕನೆ ನಕ್ಕರು. ಇಂಜಿನಿಯರರ ಮುಖ ಕೆಂಪಾಯಿತು. "ಎರಡು ವಾರ ಕೊಡ್ತೀನಿ. ಅಷ್ಟರೊಳಗ ಹೊಸ ಲೆಕ್ಕ ತರ್ರಿ. ಇಲ್ಲಾಂದ್ರ ಹಳೇದ್ರಾಗೇ ನಡಸ್ತೀನಿ."

ಸಾಹೇಬರೊಂದಿಗೆ ಹಗ್ಗ ಹಿಡಿದು ಆ ಏರನ್ನು ಅಳೆದೆ. ಗಾಳಿಯನ್ನೂ ಸಮೀಕರಣಕ್ಕೆ ಸೇರಿಸಿ ಮತ್ತೆ ಬೆಂಗಳೂರಿಗೆ ಹೋದೆ. ಬಂದ ಉತ್ತರವನ್ನು ಕಂಪ್ಯೂಟರ್ ಕೋಣೆಯ ಬಾಗಿಲಲ್ಲೇ ನಿಂತು ಓದಿದೆ. ಒಂದೂವರೆ ನಿಮಿಷದಲ್ಲಿ ಮುಚ್ಚಿದ್ದರೆ ಹಳ್ಳದ ಬಳಿ ಕೊಳವೆ ತಾಳುತ್ತಿರಲಿಲ್ಲ. ಗಾಳಿ ಹೊರಹೋಗಲು ಏರಿನ ಮೇಲೊಂದು ಪುಟ್ಟ ವಾಲ್ವ್ ಬೇಕಿತ್ತು, ಪಂಪ್‌ಹೌಸಿನ ದೊಡ್ಡ ವಾಲ್ವ್ ಮುಚ್ಚಲು ಆರು ನಿಮಿಷ.

ಪುಟ್ಟ ವಾಲ್ವ್ ಕೂರಿಸಿದ ಮೇಲೆ, ಹಳ್ಳದಿಂದ ಎಲ್ಲರನ್ನೂ ದೂರ ಕಳಿಸಿ ಪಂಪ್‌ಹೌಸಿನ ಕರೆಂಟು ತೆಗೆದರು. ಪಂಪಿನ ಮೊರೆತ ಅಡಗಿತು. ಸಾಹೇಬರು ದೊಡ್ಡ ವಾಲ್ವಿನ ಚಕ್ರ ತಿರುಗಿಸತೊಡಗಿದರು, ನಾನು ಗಡಿಯಾರ ನೋಡಿ ನಿಮಿಷ ಕೂಗುತ್ತಿದ್ದೆ. ಮೂರನೆಯ ನಿಮಿಷಕ್ಕೆ ಒತ್ತಡದ ಮುಳ್ಳು ಕೆಂಪು ಗೆರೆಯತ್ತ ಜಿಗಿಯಿತು.

"ಜಲ್ದಿ ಮುಚ್ರೀ!" ಇಂಜಿನಿಯರರು ಕೂಗಿದರು.

ಸಾಹೇಬರು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಬ್ಯಾಡ್ರಿ! ಹಂಗೇ, ನಿಧಾನ," ಎಂದೆ.

ಮುಳ್ಳು ಗೆರೆಯ ಹತ್ತಿರವೇ ನಡುಗುತ್ತ ನಿಂತಿತು. ಆಮೇಲೆ ಮೆಲ್ಲಗೆ ಇಳಿಯಿತು. ಆರನೆಯ ನಿಮಿಷ ಕೂಗಿದಾಗ ಚಕ್ರ ನಿಂತಿತು. ಸಾಹೇಬರು ಕೈ ಒರೆಸಿಕೊಳ್ಳುತ್ತ ನಕ್ಕರು. "ನೀವೂ ನಮ್ಮಂಗ ಬ್ಯಾಡ ಅಂದ್ರಲ್ರಿ ಮೇಡಂ!"

ಈಗ ಅಮ್ಮನ ಪತ್ರ ಬಂದಿದೆ. ಮಂಗಳೂರಿನಲ್ಲಿ ಕೆಲಸ ಸಿಗುವುದಿಲ್ಲವೇ, ಯಾವಾಗ ಬರುತ್ತೀ ಎಂದು ಕೇಳಿದ್ದಾಳೆ. ಮಳೆ ಮುಗಿದ ಮೇಲೆ ಬರುತ್ತೇನೆ ಎಂದು ಬರೆದೆ. ಇಲ್ಲಿ ಮಳೆ ನಿಂತು ಹತ್ತು ದಿನವಾಯಿತು, ಉಡುಪಿಯಲ್ಲಿ ಇನ್ನೂ ಒಂದು ತಿಂಗಳು ಸುರಿಯುತ್ತದೆ. ಯಾವ ಊರಿನ ಮಳೆ ಎಂದು ಮಾತ್ರ ಬರೆಯಲಿಲ್ಲ.