ಕುರ್ಲಾದ ಅಜ್ಜನ ಸಂಜೆಯ ಗಂಜಿ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮೈಸೂರಿನಿಂದ ಮುಂಬಯಿಗೆ ಬಂದೆ. ಭಾಂಡುಪ್‌ನ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸ. ವಾಸ ಕುರ್ಲಾದ ಚಾಳೊಂದರಲ್ಲಿ, ನಮ್ಮ ಕಡೆಯವರೇ ಆದ ಇನ್ನಿಬ್ಬರ ಜೊತೆ ಒಂದೇ ಕೋಣೆಯಲ್ಲಿ. ಕೋಣೆಯಲ್ಲಿ ಸ್ಟವ್ ಇತ್ತು, ಆದರೆ ಅದರ ಮೇಲೆ ಚಹಾ ಬಿಟ್ಟು ಬೇರೆ ಏನೂ ಬೇಯಲಿಲ್ಲ. ಬೆಳಿಗ್ಗೆ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಉದ್ದಿನ ವಡೆ, ಮಧ್ಯಾಹ್ನ ಕಾರ್ಖಾನೆಯ ಗೇಟಿನ ಬಳಿ ವಡಾಪಾವ್, ರಾತ್ರಿ ಮತ್ತೆ ಅದೇ ಹೋಟೆಲಿಗೆ ಬಂದು ಪೂರಿ. ಇಪ್ಪತ್ತಾರರ ವಯಸ್ಸು. ಏನು ತಿಂದರೂ ಅರಗುತ್ತದೆ ಎಂದುಕೊಂಡಿದ್ದೆ.

ಹಾಗೆಂದುಕೊಳ್ಳಬಾರದು ಎನ್ನಲು ಕಾರಣ ನನ್ನ ಮನೆಯಲ್ಲೇ ಇತ್ತು. ನಮ್ಮಪ್ಪ ನಲವತ್ತೆಂಟಕ್ಕೆ ತೀರಿಕೊಂಡಿದ್ದರು. ಆಫೀಸಿನಿಂದ ಬಂದು ಷರ್ಟಿನ ಗುಂಡಿ ಬಿಚ್ಚುತ್ತಿದ್ದವರು ಹಾಗೇ ಕುಸಿದರು. ಆಗ ನಾನು ಪಿಯುಸಿಯಲ್ಲಿದ್ದೆ. ಆ ಸಂಜೆಯ ನೆನಪನ್ನು ನಾನು ಮುಂಬಯಿಗೆ ತಂದಿರಲಿಲ್ಲ, ಅಥವಾ ತಂದದ್ದು ನನಗೆ ಗೊತ್ತಿರಲಿಲ್ಲ.

ಎರಡನೆಯ ವರ್ಷ ತಲೆಸುತ್ತು ಶುರುವಾಯಿತು. ಒಂದು ದಿನ ಘಾಟ್ಕೋಪರ್ ದಾಟುವಾಗ ಲೋಕಲ್ ರೈಲಿನ ಕಂಬ ಹಿಡಿದ ಕೈ ಜಾರಿತು. ಅಕ್ಕಪಕ್ಕದವರು ಹಿಡಿದು ಕೂರಿಸಿದರು. ಕುರ್ಲಾದ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಮತ್ತೊಮ್ಮೆ ಒತ್ತಿ ನೋಡಿದರು. "ಬಾಪ್ ಹೈ?" ಎಂದು ಅಪ್ಪನ ಬಗ್ಗೆ ಕೇಳಿದರು. ಇಲ್ಲ ಎಂದೆ. ಹೇಗೆ ಹೋದರು ಎಂದು ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಬೇಟಾ, ತುಮ್ ಖಾತೇ ಕ್ಯಾ ಹೋ?" ಎಂದು ನಾನು ತಿನ್ನುವುದೇನೆಂದು ಕೇಳಿದರು.

ಅವರು ಬರೆದುಕೊಟ್ಟ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಟೆಲಿಗೆ ಹೋಗಿ ಕೂತೆ. ಪೂರಿ ಹೇಳಿದೆ. ಒಳಗೆ ಹೋದ ವೇಟರ್ ಬರಿಗೈಯಲ್ಲಿ ಬಂದ. ಅವನ ಹಿಂದೆ ಅಡುಗೆಯವರು ಕೈ ಒರೆಸಿಕೊಳ್ಳುತ್ತ ಬಂದರು. ಎಪ್ಪತ್ತು ದಾಟಿದ್ದ, ಉಡುಪಿ ಕಡೆಯ ಮನುಷ್ಯ. ಹೋಟೆಲಿನವರೆಲ್ಲ ಅವರನ್ನು ಅಜ್ಜ ಅನ್ನುತ್ತಿದ್ದರು. ದಿನಕ್ಕೆ ಹತ್ತು ಗಂಟೆ ಬೆಂಕಿಯ ಮುಂದೆ ನಿಂತರೂ ಬೆನ್ನು ಬಾಗಿರಲಿಲ್ಲ. ನಾನು ತಲೆಸುತ್ತಿ ಬಿದ್ದ ಸುದ್ದಿ ನನ್ನ ಕೋಣೆಯವರಿಂದ ಅವರಿಗೆ ಮುಟ್ಟಿತ್ತು.

"ಡಾಕ್ಟ್ರು ಎಂತ ಹೇಳಿದ್ರು?"

"ಬಿ.ಪಿ. ಅಂತೆ. ಉಪ್ಪು, ಎಣ್ಣೆ ಕಮ್ಮಿ ಮಾಡು ಅಂದ್ರು."

"ಮತ್ತೆ ಪೂರಿ ಹೇಳಿದ್ದು ಎಂತಕ್ಕೆ?"

"ಇನ್ನೇನ್ ತಿನ್ಲಿ ಅಜ್ಜ? ಹೋಟ್ಲಲ್ವಾ ಇದು?"

"ಹೋಟ್ಲೇ. ಆದ್ರೆ ನಾಳೆಯಿಂದ ನಿಮಗೆ ಇಲ್ಲಿ ಊಟ ಇಲ್ಲ. ನಾನು ಕರಿದದ್ದನ್ನು ತಿಂದು ನೀವು ಬೀಳುವುದು ನನಗೆ ಬೇಡ ಮಾರಾಯ್ರೆ."

ಗಲ್ಲಾಪೆಟ್ಟಿಗೆಯ ಹಿಂದಿದ್ದ ಮಾಲೀಕರು ನಕ್ಕರು. "ಅಜ್ಜ, ಗಿರಾಕಿಯನ್ನೇ ಓಡಿಸ್ತೀರಾ?"

"ಓಡಿಸುವುದಲ್ಲ. ಒಳಗೆ ಕರೆಯುವುದು," ಎಂದರು ಅಜ್ಜ. ನನ್ನ ಕಡೆ ತಿರುಗಿ, "ನಾಳೆ ಸಂಜೆ ಏಳು ಗಂಟೆಯೊಳಗೆ ಹಿಂದಿನ ಬಾಗಿಲಿಗೆ ಬನ್ನಿ," ಎಂದು ಹೇಳಿ ಒಳಗೆ ಹೋದರು.

ಅಡುಗೆಮನೆಯ ಹಿಂದೆ ಎರಡು ಮಂಚ ಹಿಡಿಸುವಷ್ಟು ಜಾಗ. ಪಕ್ಕದ ಬಿಲ್ಡಿಂಗ್‌ನ ಗೋಡೆಯ ಆಚೆಯಿಂದ ಒಂದು ನುಗ್ಗೆಮರ ಈಚೆಗೆ ವಾಲಿಕೊಂಡಿತ್ತು. ಅದರ ಕೆಳಗೆ ಎರಡು ಮಣೆ. ಇಷ್ಟು ದಿನ ಆ ಹೋಟೆಲಿನಲ್ಲಿ ಉಂಡ ನನಗೆ, ಸಾವಿರಾರು ಮಂದಿಗೆ ಮಸಾಲೆ ದೋಸೆ ಹುಯ್ದುಕೊಡುವ ಈ ಮನುಷ್ಯ ಒಂದು ದಿನವೂ ದೋಸೆ ತಿನ್ನುವುದಿಲ್ಲ ಎಂಬುದು ಗೊತ್ತಿರಲಿಲ್ಲ. ಅವರದು ಬೇರೆಯೇ ಒಂದು ಸಣ್ಣ ಪಾತ್ರೆ. ಅದರಲ್ಲಿ ಊರಿನಿಂದ ಬಸ್ಸಿನಲ್ಲಿ ತರಿಸಿದ ಕೆಂಪು ಕುಚ್ಚಲಕ್ಕಿಯ ಗಂಜಿ. ಜೊತೆಗೆ ಹುರುಳಿ ಸಾರು, ತಲೆಯ ಮೇಲಿನ ಮರದ್ದೇ ಸೊಪ್ಪಿನ ಪಲ್ಯ. ಅವರ ತಟ್ಟೆಯ ಅಂಚಿನಲ್ಲಿ ಮಾವಿನ ಮಿಡಿ ಉಪ್ಪಿನಕಾಯಿಯ ಒಂದು ಚೂರು ಇತ್ತು. ನನಗೆ ಅದನ್ನೂ ಹಾಕಲಿಲ್ಲ.

ಮೊದಲ ತುತ್ತಿಗೆ ನನ್ನ ಮುಖ ನೋಡಿ ಕೇಳಿದರು, "ಸಪ್ಪೆಯಾ?"

"ಹೂಂ."

"ನಾಲಗೆಗೆ ಹದಿನೈದು ದಿನ ಕೊಡಿ. ಅದು ಕಲಿಯುತ್ತದೆ."

ಹದಿನೈದು ದಿನ ಸಾಲಲಿಲ್ಲ, ಒಂದು ತಿಂಗಳೇ ಬೇಕಾಯಿತು. ಆಮೇಲೆ ಗಂಜಿಯಲ್ಲಿ ಅಕ್ಕಿಯ ರುಚಿ, ಸೊಪ್ಪಿನಲ್ಲಿ ಸೊಪ್ಪಿನ ರುಚಿ ತಿಳಿಯತೊಡಗಿತು. ಅಜ್ಜ ಉಪದೇಶ ಮಾಡುವವರಲ್ಲ. ನೋಡಿ ಕಲಿಯಬೇಕಿತ್ತು. ಅವರು ನಿಧಾನವಾಗಿ ಜಗಿಯುತ್ತಿದ್ದರು, ಎಷ್ಟೆಂದರೆ ಒಳಗಿನಿಂದ ಯಾರಾದರೂ "ಸಾಂಬಾರ್ ಮುಗೀತು ಅಜ್ಜ" ಎಂದು ಕೂಗಿದರೂ ಬಾಯಲ್ಲಿದ್ದದ್ದು ಮುಗಿಯುವ ತನಕ ಉತ್ತರವಿಲ್ಲ. ಇನ್ನೊಂದು ಸೌಟು ಹಿಡಿಸುತ್ತದೆ ಅನ್ನುವಾಗಲೇ ಕೈ ತೊಳೆಯುತ್ತಿದ್ದರು. ಅದಾದ ಮೇಲೆ ಬೆಳಗಿನ ತನಕ ನೀರು ಬಿಟ್ಟು ಏನೂ ಇಲ್ಲ.

ಇಷ್ಟು ಕಟ್ಟುನಿಟ್ಟು ಯಾಕೆ ಎಂದು ಒಮ್ಮೆ ಕೇಳಿದೆ. ಬಹಳ ಹೊತ್ತು ಜಗಿದು ಹೇಳಿದರು. ಪ್ರಾಯದಲ್ಲಿ ಅವರೂ ನನ್ನ ಹಾಗೇ ತಿಂದವರಂತೆ. ಹೊಟ್ಟೆ ಕೆಟ್ಟು, ಎದೆ ಹಿಡಿದು ಊರಿಗೆ ಹೋಗಿ ಮಲಗಿದರು. ಹೆಂಡತಿ ಒಂದು ಮಳೆಗಾಲ ಪೂರ್ತಿ ಹೀಗೆ ಉಣ್ಣಿಸಿ ಎಬ್ಬಿಸಿ ಕಳಿಸಿದರು. ಮತ್ತೆ ಮೂರು ವರ್ಷಕ್ಕೆ ಆಕೆಯೇ ಹೋದರು.

"ಬಹಳ ದಿನ ಬದುಕಬೇಕು ಅಂತ ನಾನು ಹೀಗೆ ಉಣ್ಣುವುದು ಅಂತ ಜನ ಹೇಳ್ತಾರೆ. ಇರಬಹುದು," ಎಂದರು. "ನನಗೆ ಇದು ಅವಳ ಕೈಯ ಊಟ. ಬಿಡ್ಲಿಕ್ಕೆ ಆಗುವುದಿಲ್ಲ, ಅಷ್ಟೆ."

ಆ ವರ್ಷ ಮೈಸೂರಿಗೆ ಹೋದಾಗ ಅಮ್ಮನಿಂದ ಒಂದು ಚೀಲ ರಾಗಿಹಿಟ್ಟು ತಂದೆ. ಮುಂಬಯಿಯಲ್ಲಿ ನನಗೆ ಮುದ್ದೆ ಸಿಗುತ್ತಿರಲಿಲ್ಲ. ಅಜ್ಜ ಉತ್ಸಾಹದಿಂದ ಹಿಟ್ಟು ಕುದಿಸಿದರು. ಎಂಥ ಅಡುಗೆಯಲ್ಲೂ ಸೋಲದವರು ಮುದ್ದೆಯಲ್ಲಿ ಸೋತರು. ಪಾತ್ರೆ ತುಂಬ ಗಂಟು. ನಾನು ಅಮ್ಮನನ್ನು ಕಣ್ಣಮುಂದೆ ತಂದುಕೊಂಡು, "ನೀರು ಮರಳಿದ ಮೇಲೆ ಹಿಟ್ಟು ಸುರಿದು ಸುಮ್ನೆ ಬಿಡ್ಬೇಕು ಅಜ್ಜ, ಆಮೇಲೆ ಕೋಲು," ಎಂದು ಹೇಳಿಕೊಟ್ಟೆ. ಮೂರನೆಯ ಸಂಜೆಗೆ ಮುದ್ದೆ ದುಂಡಗಾಯಿತು. ಅವರು ಒಂದು ಚೂರು ಬಾಯಿಗಿಟ್ಟು ಎಂದಿನಂತೆ ಜಗಿಯಲು ಶುರು ಮಾಡಿದರು.

"ಅಯ್ಯೋ, ಜಗೀಬಾರ್ದು! ನುಂಗ್ಬೇಕು!"

ಅವರು ದವಡೆ ನಿಲ್ಲಿಸಿ ನನ್ನನ್ನೇ ನೋಡಿದರು. "ಇಷ್ಟು ದಿನ ನಾನು ಕಲಿಸಿದ್ದೆಲ್ಲ ನೀರಿಗೆ ಹೋಯ್ತಲ್ಲ ಮಾರಾಯ್ರೆ." ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಗುತ್ತಲೇ ನುಂಗಲು ಹೋಗಿ ಕೆಮ್ಮು ಬಂತು. ಕೊನೆಗೆ ಅವರು ಮುದ್ದೆಯನ್ನೂ ಜಗಿದೇ ತಿಂದರು.

ಆರು ವರ್ಷ ನಾನು ಹಾಗೆ ಉಂಡೆ. ರಜೆಯ ದಿನಗಳನ್ನು ಬಿಟ್ಟು ಹೆಚ್ಚು ಕಡಿಮೆ ಪ್ರತಿ ಸಂಜೆ ಭಾಂಡುಪ್‌ನಿಂದ ಲೋಕಲ್ ಹಿಡಿದು, ಇಳಿದವನೇ ಹಿಂದಿನ ಬಾಗಿಲಿಗೆ. ತಲೆಸುತ್ತು ಹೋಯಿತು. ಡಾಕ್ಟರು ಮಾತ್ರೆಯನ್ನು ಅರ್ಧ ಮಾಡಿದರು. ಗಂಜಿಯಿಂದಲೇ ಆಯಿತೋ, ದಿನವೂ ಒಂದು ಹೊತ್ತಿಗೆ ಒಬ್ಬರ ಎದುರು ಕೂತು ಉಂಡದ್ದರಿಂದ ಆಯಿತೋ ನನಗೆ ತಿಳಿಯದು.

ಆಮೇಲೆ ಮದುವೆಯಾಯಿತು. ಪವಾಯಿಯಲ್ಲಿ ಮನೆ ಮಾಡಿದೆವು. ಕುರ್ಲಾ ದಾರಿಯಿಂದ ಆಚೆ ಉಳಿಯಿತು. ಮೊದಲು ವಾರಕ್ಕೊಮ್ಮೆ ಹೋಗುತ್ತಿದ್ದೆ, ಆಮೇಲೆ ತಿಂಗಳಿಗೊಮ್ಮೆ. ಮಗು ಹುಟ್ಟಿದ ಮೇಲೆ ಅದೂ ನಿಂತಿತು. ಒಂದು ದಿನ ಸ್ಟೇಷನ್ನಿನಲ್ಲಿ ಆ ಹೋಟೆಲಿನ ವೇಟರ್ ಸಿಕ್ಕಿ ಹೇಳಿದ, "ಅಜ್ಜ ಊರಿಗೆ ಹೋಗ್ತಾರೆ, ಮಗಳ ಮನೆಗೆ. ನಿಮ್ಮನ್ನು ಭಾನುವಾರ ಹೆಂಡತಿ ಮಗುವಿನ ಜೊತೆ ಊಟಕ್ಕೆ ಬರ್ಲಿಕ್ಕೆ ಹೇಳಿದ್ದಾರೆ." ಬರುತ್ತೇನೆ ಎಂದೆ. ಆ ಭಾನುವಾರ ಕಾರ್ಖಾನೆಯಲ್ಲಿ ತುರ್ತು ಕೆಲಸ ಬಂತು. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಇನ್ನೊಂದು ವಾರ ಇರುತ್ತಾರೆ ಎಂದುಕೊಂಡೆ. ಮುಂದಿನ ವಾರ ಹೋದಾಗ ಅಜ್ಜ ಇರಲಿಲ್ಲ, ನುಗ್ಗೆಮರದ ಕೆಳಗೆ ಖಾಲಿ ಡಬ್ಬಗಳನ್ನು ಜೋಡಿಸಿದ್ದರು.

ಮಾರನೆಯ ವರ್ಷ ರಜೆ ಹಾಕಿ, ವಿಳಾಸ ಹುಡುಕಿಕೊಂಡು ಅವರ ಮಗಳ ಮನೆಗೆ ಹೋದೆ. ಒಬ್ಬನೇ ಹೋದೆ. ರಸ್ತೆ ಬದಿಯ ಹಂಚಿನ ಮನೆ. ಅಜ್ಜ ಬಸಳೆ ಚಪ್ಪರಕ್ಕೆ ನೀರು ಹಾಕುತ್ತಿದ್ದರು. ಮಗಳು ನನ್ನನ್ನು ಒಳಗೆ ಕರೆದು ತಗ್ಗಿದ ದನಿಯಲ್ಲಿ, "ಇಲ್ಲಿ ಎಲ್ಲ ಉಂಟು. ಅದೇ ಅಕ್ಕಿ, ಅದೇ ಸೊಪ್ಪು, ಹೊತ್ತಿಗೆ ಸರಿಯಾಗಿ ಕೊಡ್ತೇನೆ. ಆದ್ರೆ ಅರ್ಧ ಉಂಡು ಬಿಡ್ತಾರೆ," ಎಂದರು.

ಸಂಜೆ ಜಗಲಿಯಲ್ಲಿ ಇಬ್ಬರಿಗೂ ಗಂಜಿ ಬಡಿಸಿದರು. ಅಜ್ಜ ನನ್ನನ್ನು ಕೇಳಿದ್ದು ಆರೋಗ್ಯವನ್ನಲ್ಲ.

"ಕುರ್ಲಾದಲ್ಲಿ ಈಗಲೂ ಆರು ಗಂಟೆಗೆ ಅಷ್ಟೇ ಜನವಾ?"

"ಜಾಸ್ತೀನೇ ಆಗಿದಾರೆ ಅಜ್ಜ."

"ಸ್ಟೇಷನ್ನಿನಿಂದ ಜನ ಇಳಿಯುವ ಶಬ್ದ ಕೇಳಿದ್ರೆ ನನಗೆ ಹಸಿವೆ ಆಗ್ತಿತ್ತು. ಇಲ್ಲಿ ಶಬ್ದವೇ ಇಲ್ಲ. ಹಸಿವೆ ಎಲ್ಲಿಂದ ಬರಬೇಕು?"

ನಾನು ಸ್ಟೇಷನ್ ಬಗ್ಗೆ, ತುಂಬಿದ ಲೋಕಲ್‌ಗಳ ಬಗ್ಗೆ, ಹೋಟೆಲಿನಲ್ಲಿ ಹೊಸದಾಗಿ ಇಟ್ಟ ಮಿಕ್ಸಿಯಲ್ಲಿ ಹಿಟ್ಟು ಕೆಟ್ಟು ಮಾಲೀಕರು ಗಿರಾಕಿಗಳಿಂದ ಬೈಸಿಕೊಂಡದ್ದರ ಬಗ್ಗೆ ಹೇಳುತ್ತ ಹೋದೆ. ಅವರು ಕೇಳುತ್ತ ಕೇಳುತ್ತ ತಟ್ಟೆ ಖಾಲಿ ಮಾಡಿದರು. ಬಾಗಿಲಲ್ಲಿ ನಿಂತಿದ್ದ ಮಗಳು ಬಂದು ಇನ್ನರ್ಧ ಸೌಟು ಹಾಕಿದರು. ಅದನ್ನೂ ಉಂಡರು. ಬೆಳಿಗ್ಗೆ ಬಸ್ಸು ಹತ್ತುವಾಗ, "ಮುಂದಿನ ಸಲ ಮನೆಯವರನ್ನೂ ಕರ್ಕೊಂಡು ಬನ್ನಿ," ಎಂದರು.

ಮುಂದಿನ ಸಲ ಎನ್ನುವುದು ಬರಲಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಮಗಳು ಬರೆದ ಕಾರ್ಡು ಪವಾಯಿಗೆ ಬಂತು. ಅಜ್ಜ ಹಾಸಿಗೆ ಹಿಡಿಯದೆ, ಯಾರಿಂದಲೂ ಸೇವೆ ಮಾಡಿಸಿಕೊಳ್ಳದೆ ಹೋಗಿದ್ದರು. ನಾನು ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ನಿಂತಿದ್ದೆ. ಹೆಂಡತಿ ಓದಿ, "ಯಾರು ಇವರು?" ಎಂದಳು. ಕುರ್ಲಾದ ಹೋಟೆಲಿನ ಅಡುಗೆಯವರೊಬ್ಬರು ನನಗೆ ಪರಿಚಯ ಎಂದಷ್ಟೇ ಅವಳಿಗೆ ಗೊತ್ತಿತ್ತು, ಕಾರ್ಡಿನಲ್ಲಿದ್ದ ಹೆಸರು ಗೊತ್ತಿರಲಿಲ್ಲ. ಆ ಸಂಜೆ ಮೊದಲ ಸಲ ಅವಳಿಗೆ ಎಲ್ಲವನ್ನೂ ಹೇಳಿದೆ. ಕೊನೆಯವರೆಗೂ ಕೇಳಿ ಅವಳು ಒಂದೇ ಮಾತು ಅಂದಳು.

"ನನ್ನನ್ನ ಒಂದ್ಸಲನೂ ಯಾಕ್ ಕರ್ಕೊಂಡ್ ಹೋಗ್ಲಿಲ್ಲ?"

ಅವಳು ಎದ್ದು ಅಕ್ಕಿ ತೊಳೆಯಲು ಹೋದಳು.